ಥೇಮ್ಸ್ ನದಿಗೆ ಬೀಳಬೇಕಿದ್ದ ಗೆಳೆತನದ ಕಥೆ

ಆಕ್ಸ್‌ಫರ್ಡಿನಲ್ಲಿ ಓದುತ್ತಿದ್ದ ಪೂರ್ಣ ಎಂಬ ಗೆಳೆಯನಿಗೆ ಮೈಸೂರಿನ ಯುವಕನೊಬ್ಬ ಬೇಸತ್ತು ಒಂದು ಸೂಚನೆ ಕಳುಹಿಸಿದ್ದ. ಲಂಡನ್ನಿನ ಪ್ರಕಾಶಕರು ಒಬ್ಬರಾದ ಮೇಲೊಬ್ಬರು ಹಿಂತಿರುಗಿಸಿದ ತನ್ನ ಕಾದಂಬರಿಯ ಪ್ರತಿಗೆ ಕಲ್ಲು ಕಟ್ಟಿ ಥೇಮ್ಸ್ ನದಿಯಲ್ಲಿ ಮುಳುಗಿಸಿಬಿಡು ಎಂದು. ಯುವಕನ ಹೆಸರು ಆರ್.ಕೆ. ನಾರಾಯಣಸ್ವಾಮಿ. ಕಾದಂಬರಿಗೆ ಅವನು ಇಟ್ಟಿದ್ದ ಹೆಸರು ‘ಸ್ವಾಮಿ, ದಿ ಟೇಟ್’. ಕ್ರಿಕೆಟ್ ಹುಚ್ಚಿನ ಹುಡುಗನೊಬ್ಬನಿಗೆ ಇಂಗ್ಲೆಂಡಿನ ಬೌಲರ್ ಮಾರಿಸ್ ಟೇಟ್‌ನ ಹೆಸರನ್ನು ಗೆಳೆಯರು ಅಂಟಿಸಿದ್ದರಿಂದ ಬಂದ ಶೀರ್ಷಿಕೆ ಅದು.

ಪೂರ್ಣ ಗೆಳೆಯನ ಮಾತು ಕೇಳಲಿಲ್ಲ. ಆಗ ಆಕ್ಸ್‌ಫರ್ಡಿನಲ್ಲೇ ಮನೆ ಮಾಡಿಕೊಂಡಿದ್ದ, ಇನ್ನೂ ಮೂವತ್ತರ ಆಸುಪಾಸಿನ ಲೇಖಕ ಗ್ರಹಾಂ ಗ್ರೀನ್ ಕೈಗೆ ಆ ಪ್ರತಿಯನ್ನು ಕೊಟ್ಟು ಬಂದ. ಹಲವು ಕೈ ದಾಟಿ ಸವೆದುಹೋಗಿದ್ದ ಆ ಟೈಪು ಮಾಡಿದ ಹಾಳೆಗಳು ವಾರಗಟ್ಟಲೆ ತಮ್ಮ ಮೇಜಿನ ಮೇಲೆ ಹಾಗೇ ಬಿದ್ದಿದ್ದವು, ಒಂದು ಮಳೆಯ ದಿನ ಎತ್ತಿಕೊಂಡು ಓದಿದೆ ಎಂದು ಗ್ರೀನ್ ಮುಂದೆ ಬರೆದುಕೊಂಡಿದ್ದಾರೆ. ಓದಿದ ಮೇಲೆ ಅವರು ಸುಮ್ಮನೆ ಕೂರಲಿಲ್ಲ. ಪ್ರಕಾಶಕ ಹ್ಯಾಮಿಶ್ ಹ್ಯಾಮಿಲ್ಟನ್‌ರನ್ನು ಒಪ್ಪಿಸಿದರು, ಶೀರ್ಷಿಕೆಯನ್ನು ‘ಸ್ವಾಮಿ ಅಂಡ್ ಫ್ರೆಂಡ್ಸ್’ ಎಂದು ಬದಲಿಸಿದರು, ಲೇಖಕನ ಉದ್ದ ಹೆಸರನ್ನು ಆರ್.ಕೆ. ನಾರಾಯಣ್ ಎಂದು ಮೊಟಕುಗೊಳಿಸಲು ಹೇಳಿದರು. 1935ರ ಅಕ್ಟೋಬರಿನಲ್ಲಿ ಪುಸ್ತಕ ಹೊರಬಂತು.

ಪೂರ್ಣನ ಬಗ್ಗೆ ನನಗೆ ವಿಶೇಷ ಅಕ್ಕರೆ. ಸಾಹಿತ್ಯ ಚರಿತ್ರೆಗಳು ಗ್ರೀನ್ ಅವರಿಗೆ ಪುಟಗಟ್ಟಲೆ ಜಾಗ ಕೊಡುತ್ತವೆ, ಪೂರ್ಣನಿಗೆ ಅರ್ಧ ಸಾಲು. ಆದರೆ ಈ ಕಾದಂಬರಿ ಉಳಿದದ್ದು ಒಬ್ಬ ಗೆಳೆಯ ಇನ್ನೊಬ್ಬ ಗೆಳೆಯನ ಹತಾಶೆಗೆ ಕಿವಿಗೊಡದೆ ಇದ್ದುದರಿಂದ. ಅದೂ ಎಂಥ ಕಾದಂಬರಿ? ಗೆಳೆತನ ಮುರಿಯುವುದನ್ನೇ ಹೇಳುವ ಕಾದಂಬರಿ. ಸಾವಿರಾರು ಮೈಲಿ ದೂರವಾದರೂ ಕೈಬಿಡದ ಒಂದು ಗೆಳೆತನ, ಒಂದೇ ಊರಿನಲ್ಲಿದ್ದೂ ಉಳಿಯದ ಇನ್ನೊಂದು ಗೆಳೆತನದ ಕಥೆಯನ್ನು ನೀರುಪಾಲಾಗದಂತೆ ಕಾಪಾಡಿತು.

ನಾರಾಯಣ್ ಈ ಕಾದಂಬರಿ ಬರೆಯಲು ಕೂತದ್ದು 1930ರಲ್ಲಿ, ಬೆಂಗಳೂರಿನಲ್ಲಿ, ಅಜ್ಜಿ ಆರಿಸಿಕೊಟ್ಟ ಒಳ್ಳೆಯ ದಿನದಂದು. ನೋಟು ಪುಸ್ತಕ ಕೊಂಡು ತಂದು ಕೂತಾಗ ಮೊದಲು ಕಣ್ಣ ಮುಂದೆ ಬಂದದ್ದು ಒಂದು ಪುಟ್ಟ ರೈಲು ನಿಲ್ದಾಣವಂತೆ. ಆ ನಿಲ್ದಾಣದ ಸುತ್ತಲೇ ಮಾಲ್ಗುಡಿ ಎಂಬ ಊರು ಬೆಳೆಯಿತು. ನಡುವಿನ ವರ್ಷಗಳ ಅಲೆದಾಟದಲ್ಲಿ ಹೇಳುವಂಥದ್ದು ಹೆಚ್ಚಿಲ್ಲ: ಅಂಚೆಯಲ್ಲಿ ಹೋದ ಕಟ್ಟು, ಅಂಚೆಯಲ್ಲೇ ಮರಳಿದ ಕಟ್ಟು. ಪ್ರಕಟವಾದ ಮೇಲೂ ಪುಸ್ತಕ ಮಾರಾಟವಾಗಲಿಲ್ಲ. ಮುಂದಿನ ಕಾದಂಬರಿಯನ್ನು ಅದೇ ಪ್ರಕಾಶಕರು ಬೇಡವೆಂದರು.

ಕಥೆಯನ್ನು ಟಿ.ವಿ.ಯಲ್ಲಿ ಕಂಡವರೇ ಹೆಚ್ಚು. ಶಂಕರ್‌ನಾಗ್ ಆಗುಂಬೆಯಲ್ಲಿ ಚಿತ್ರಿಸಿದ ‘ಮಾಲ್ಗುಡಿ ಡೇಸ್’ 1986–87ರ ಸುಮಾರಿಗೆ ದೂರದರ್ಶನದಲ್ಲಿ ಬಂತು. ಮಾಸ್ಟರ್ ಮಂಜುನಾಥ್ ಸ್ವಾಮಿಯಾದ, ಗಿರೀಶ ಕಾರ್ನಾಡರು ಅಪ್ಪನಾದರು, ಎಲ್. ವೈದ್ಯನಾಥನ್ ಅವರ ರಾಗ ಮನೆಮನೆಯ ರಾಗವಾಯಿತು. ಅದರಲ್ಲಿ ಮಾಲ್ಗುಡಿ ನಿಲ್ದಾಣವಾಗಿದ್ದ ಶಿವಮೊಗ್ಗ ಜಿಲ್ಲೆಯ ಅರಸಾಳು ನಿಲ್ದಾಣದಲ್ಲಿ ಈಗ ಮ್ಯೂಸಿಯಂ ಇದೆ. ಆ ಧಾರಾವಾಹಿಯನ್ನು ನಾನೂ ಮನಸಾರೆ ಪ್ರೀತಿಸಿದವನೇ. ಆದರೆ ಅದರ ಜನಪ್ರಿಯತೆಯಿಂದ ಒಂದು ನಷ್ಟವಾಗಿದೆ. ಸ್ವಾಮಿ ಎಂದರೆ ಟೋಪಿ ಹಾಕಿಕೊಂಡು ಓಡುವ ತುಂಟ ಹುಡುಗ, ಬಾಲ್ಯವೆಂದರೆ ನಗು ಎಂಬಷ್ಟಕ್ಕೆ ಜನರ ನೆನಪು ನಿಂತುಹೋಗಿದೆ. ಪುಸ್ತಕದ ಕೊನೆಯ ಪುಟಗಳನ್ನು ಓದಿದವರಿಗೆ ಗೊತ್ತು, ಅದು ನಗಿಸಿ ಕಳುಹಿಸುವ ಪುಸ್ತಕವಲ್ಲ.

ಸ್ವಾಮಿ, ಮಣಿ, ರಾಜಂ. ರಾಜಂ ಪೊಲೀಸ್ ಅಧಿಕಾರಿಯ ಮಗ, ಅಚ್ಚುಕಟ್ಟಾದ ಇಂಗ್ಲಿಷ್, ಬಂಗಲೆ, ಅಡುಗೆಯವನು. ಅವನು ಗೆಳೆಯನಾದದ್ದೇ ಸ್ವಾಮಿಗೆ ದೊಡ್ಡ ಹೆಮ್ಮೆ. ಇಂಥ ಗೆಳೆತನದಲ್ಲಿ ಒಬ್ಬ ಸದಾ ಒಂದು ಮೆಟ್ಟಿಲು ಕೆಳಗಿರುತ್ತಾನೆ, ಮೇಲಿನವನನ್ನು ಮೆಚ್ಚಿಸುತ್ತಲೇ ಇರುತ್ತಾನೆ. ನಾರಾಯಣ್ ಇದನ್ನು ಎಲ್ಲೂ ಬಿಡಿಸಿ ಹೇಳುವುದಿಲ್ಲ, ಆದರೆ ಪುಟಪುಟದಲ್ಲೂ ಕಾಣಿಸುತ್ತಾರೆ. 1930ರ ಆಗಸ್ಟ್ 15ರಂದು ಸರಯೂ ನದಿಯ ದಂಡೆಯಲ್ಲಿ ಸ್ವದೇಶಿ ಸಭೆ ನಡೆಯುತ್ತದೆ (ಬರೆಯುವಾಗ ಆ ತಾರೀಖಿನ ಮುಂದಿನ ಮಹತ್ವ ಲೇಖಕರಿಗೆ ಗೊತ್ತಿರಲು ಸಾಧ್ಯವೇ ಇರಲಿಲ್ಲ). ಮರುದಿನ ಸ್ವಾಮಿ ಶಾಲೆಯ ಕಿಟಕಿ ಗಾಜಿಗೆ ಕಲ್ಲು ಬೀರುತ್ತಾನೆ. ಗುಂಪನ್ನು ಚದುರಿಸಲು ಬಂದ ಅಧಿಕಾರಿ ರಾಜಂನ ಅಪ್ಪ. ಅಲ್ಲಿಗೆ ಸ್ವಾಮಿಯ ಶಾಲೆ ಬೇರೆಯಾಗುತ್ತದೆ. ಬೇರೆಯಾದ ಗೆಳೆಯರನ್ನು ಕ್ರಿಕೆಟ್ ತಂಡವೊಂದು ಮತ್ತೆ ಸೇರಿಸುತ್ತದೆ, ಅದೇ ಕ್ರಿಕೆಟ್ಟು ಕೊನೆಗೆ ಪೂರ್ತಿ ಬೇರ್ಪಡಿಸುತ್ತದೆ.

ಬಿಳಿಗಿರಿರಂಗನ ಬೆಟ್ಟದ ಸೀಮೆಯವನಾದ ನನಗೆ ಬಹಳ ಹತ್ತಿರವಾದ ಭಾಗ ಕಾಡಿನದು. ಹೊಸ ಶಾಲೆಯ ಹೆಡ್ಮಾಸ್ತರರ ಬೆತ್ತವನ್ನು ಕಿಟಕಿಯಿಂದಾಚೆ ಎಸೆದು ಸ್ವಾಮಿ ಓಡುತ್ತಾನೆ. ಊರು ಬಿಡುವ ನಿರ್ಧಾರದಲ್ಲಿ ನಡೆಯುತ್ತ ನಡೆಯುತ್ತ ಮೆಂಪಿ ಕಾಡಿನ ದಾರಿಯಲ್ಲಿ ಕತ್ತಲಾಗುತ್ತದೆ. ಎಲೆ ಅಲುಗಿದರೂ ಜೀವ ಬಾಯಿಗೆ ಬರುತ್ತದೆ. ಪ್ರಜ್ಞೆ ತಪ್ಪಿ ರಸ್ತೆಯಲ್ಲಿ ಬಿದ್ದವನನ್ನು ಬೆಳಗಿನ ಜಾವ ಎತ್ತಿಕೊಂಡು ಹೋಗಿ ಅರಣ್ಯಾಧಿಕಾರಿ ತಂಗಿದ್ದ ಬಂಗಲೆಗೆ ಮುಟ್ಟಿಸುವವನು ಗಾಡಿ ಹೊಡೆಯುವ ರಂಗ. ಯಳಂದೂರು, ಕೊಳ್ಳೇಗಾಲದ ಕಡೆ ಮನೆಗೊಬ್ಬ ರಂಗ ಇರುತ್ತಾನೆ, ರಂಗಮ್ಮ ಇರುತ್ತಾಳೆ. ಇಲ್ಲಿನ ಕಾಡಿನ ಬುಡಕಟ್ಟಾದ ಸೋಲಿಗರಿಗಂತೂ ಬೆಟ್ಟದ ರಂಗಪ್ಪ ದೇವರಿಗಿಂತ ಹೆಚ್ಚಾಗಿ ಭಾವ, ಅವರ ಮನೆಮಗಳು ಕುಸುಮಾಲೆಯನ್ನು ಮದುವೆಯಾದವನು. ನಾರಾಯಣ್ ನಮ್ಮ ಬೆಟ್ಟವನ್ನು ಮನಸ್ಸಿನಲ್ಲಿಟ್ಟು ಮೆಂಪಿ ಬರೆದರು ಎಂದು ನಾನು ಹೇಳುತ್ತಿಲ್ಲ. ಆದರೆ ಕಾಡಿನಂಚಿನ ಊರು, ಸಂಜೆಯಾದ ಮೇಲೆ ಯಾರೂ ಕಾಲಿಡದ ರಸ್ತೆ, ಗಾಡಿಯ ರಂಗ ಇವೆಲ್ಲ ನಮ್ಮ ಮಕ್ಕಳಿಗೆ ವಿವರಿಸಬೇಕಾದ ಸಂಗತಿಗಳಲ್ಲ.

ಸ್ವಾಮಿ ಬದುಕಿ ಬರುತ್ತಾನೆ. ಆದರೆ ಅವನು ಆಡಬೇಕಿದ್ದ ಪಂದ್ಯ ಮುಗಿದಿರುತ್ತದೆ, ತಂಡ ಸೋತಿರುತ್ತದೆ, ರಾಜಂ ಮಾತು ಬಿಟ್ಟಿರುತ್ತಾನೆ. ಕೆಲವೇ ದಿನಗಳಲ್ಲಿ ಅವನ ಅಪ್ಪನಿಗೆ ತಿರುಚಿನಾಪಳ್ಳಿಗೆ ವರ್ಗವಾಗುತ್ತದೆ. ಸ್ವಾಮಿ ನಿಲ್ದಾಣಕ್ಕೆ ಹೋಗುತ್ತಾನೆ, ಕೈಯಲ್ಲಿ ಆಂಡರ್ಸನ್ನನ ಕಥೆಗಳ ಪುಸ್ತಕ. ಗೆಳೆಯನಿಗೆ ನೇರವಾಗಿ ಕೊಡುವ ಧೈರ್ಯವಿಲ್ಲ. ರೈಲು ಹೊರಡುವಾಗ ಮಣಿ ಅದನ್ನು ಕಿಟಕಿಯೊಳಗೆ ತಲುಪಿಸುತ್ತಾನೆ. ರಾಜಂ ಏನೋ ಹೇಳುತ್ತಾನೆ, ಗದ್ದಲದಲ್ಲಿ ಕೇಳಿಸುವುದಿಲ್ಲ. ಆಮೇಲೆ ಸ್ವಾಮಿಯ ಪ್ರಶ್ನೆಗಳು: ಕಾಗದ ಬರೆಯುತ್ತಾನಾ, ನನ್ನ ವಿಳಾಸ ಅವನಿಗೆ ಗೊತ್ತಾ? ಕೊಟ್ಟಿದ್ದೇನೆ ಎನ್ನುತ್ತಾನೆ ಮಣಿ. ಹಾಗಾದರೆ ನನ್ನ ವಿಳಾಸ ಹೇಳು ನೋಡೋಣ ಎಂದರೆ ಹೇಳುವುದಿಲ್ಲ, ಅವನ ಮುಖದಿಂದಲೂ ಏನೂ ತಿಳಿಯುವುದಿಲ್ಲ. ಕಥೆ ಅಲ್ಲಿಗೇ ನಿಲ್ಲುತ್ತದೆ. ರಾಜಿ ಇಲ್ಲ, ಮುಂದೆಂದೋ ಭೇಟಿಯಾದರು ಎಂಬ ಸಮಾಧಾನವೂ ಇಲ್ಲ. ಹದಿಹರೆಯದವರಿಗೆಂದೇ ಬರೆಯುವ ಕಾದಂಬರಿಗಳಿಗೆ ಅಮೆರಿಕದಲ್ಲಿ ಹೊಸ ದಾರಿ ತೋರಿಸಿತೆಂದು ಹೇಳುವ ಎಸ್.ಇ. ಹಿಂಟನ್‌ರ ‘ದಿ ಔಟ್‌ಸೈಡರ್ಸ್’ ಬಂದದ್ದು 1967ರಲ್ಲಿ. ನಮ್ಮ ಮೈಸೂರಿನ ಪುಸ್ತಕ ಅದಕ್ಕಿಂತ ಮೂವತ್ತೆರಡು ವರ್ಷ ಹಿರಿದು.

ಹಿರಿದು, ಆದರೆ ಇಂಗ್ಲಿಷಿನದು. ಇಲ್ಲಿಂದ ಮುಂದೆ ನನ್ನ ಕೊರಗು.

ಬಿಳಿಗಿರಿರಂಗನ ಬೆಟ್ಟದ ಬಾಲ್ಯವೊಂದು ಪುಸ್ತಕವಾಗಿದೆ, ಅದೂ ಇಂಗ್ಲಿಷಿನಲ್ಲೇ. ಹೊನ್ನಮೇಟಿಯ ಕಾಫಿ ತೋಟದ ಆರ್.ಸಿ. ಮಾರಿಸ್ ಅವರ ಮಗಳು ಮೋನಿಕಾ ಜಾಕ್ಸನ್ 1955ರಲ್ಲಿ ಹೆಂಗಸರೇ ಕೂಡಿ ಹಿಮಾಲಯ ಹತ್ತಿದ ತಂಡದಲ್ಲಿದ್ದರು. ಈ ಬೆಟ್ಟದಲ್ಲಿ ತಾವು ಬೆಳೆದುದನ್ನು ‘ಗೋಯಿಂಗ್ ಬ್ಯಾಕ್’ ಎಂಬ ಪುಸ್ತಕದಲ್ಲಿ ಬರೆದರು. ಬಂಗಲೆಯ ಬಾಲ್ಯ ಹೀಗೆ ದಾಖಲಾಯಿತು. ಸೋಲಿಗರ ಹಾಡಿಯ, ಅಂದರೆ ಪೋಡಿನ ಬಾಲ್ಯ? ಕಾದಂಬರಿಗೆ ಬೇಕಾದ ವಸ್ತು ಇಲ್ಲಿಲ್ಲವೆಂದಲ್ಲ. ಈ ಬೆಟ್ಟವೇ ಬೇರ್ಪಡಿಸುವಿಕೆಯ ಇತಿಹಾಸ. 1956ರ ನವೆಂಬರ್ 1ರವರೆಗೆ ಯಳಂದೂರು ಮೈಸೂರಿನದು, ಕೊಳ್ಳೇಗಾಲ ಮದ್ರಾಸಿನ ಕೊಯಮತ್ತೂರು ಜಿಲ್ಲೆಯದು. 1974ರಲ್ಲಿ ಕಾಡು ವನ್ಯಧಾಮವಾಯಿತು, ಒಳಗಿನ ಪೋಡುಗಳ ಸೋಲಿಗರು ರಸ್ತೆಬದಿಯ ಕಾಲೋನಿಗಳಿಗೆ ಬಂದರು. 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು, ಅದೇ ವರ್ಷ ಸೋಲಿಗರಿಗೆ ಸಮುದಾಯ ಅರಣ್ಯ ಹಕ್ಕೂ ಸಿಕ್ಕಿತು. ಇದೆಲ್ಲ ವರದಿಗಳಲ್ಲಿದೆ. ಈ ಬದಲಾವಣೆಗಳ ನಡುವೆ ಇಬ್ಬರು ಗೆಳತಿಯರಿಗೆ ಏನಾಯಿತು ಎಂಬುದು ಯಾವ ವರದಿಯಲ್ಲೂ ಬರುವುದಿಲ್ಲ.

ಡಾ. ಎಚ್. ಸುದರ್ಶನ್ 1981ರಲ್ಲಿ ಕಟ್ಟಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರದ ಶಾಲೆಯಿಂದ ಬೆಟ್ಟದಲ್ಲಿ ಓದು ಬೇರೂರಿತು. ಎಷ್ಟೋ ಮಕ್ಕಳು ಅಲ್ಲಿಂದ ಮೇಲೆ ಬಂದರು. ಆದರೆ ಓದು ಹತ್ತಿಸುವ ಮೆಟ್ಟಿಲು ಇಬ್ಬರು ಗೆಳತಿಯರನ್ನು ಒಟ್ಟಿಗೆ ಹತ್ತಿಸುವುದಿಲ್ಲ. ಒಬ್ಬಳು ಎಸ್‌ಎಸ್‌ಎಲ್‌ಸಿ ಪಾಸಾಗಿ ಮೈಸೂರಿನ ಹಾಸ್ಟೆಲ್ ಸೇರುತ್ತಾಳೆ. ಇನ್ನೊಬ್ಬಳು ಗಣಿತದಲ್ಲಿ ನಪಾಸಾಗಿ ಕಾಫಿ ತೋಟದ ಕೂಲಿಗೋ ನೆಲ್ಲಿಕಾಯಿ ಕೊಯ್ಲಿಗೋ ಹೋಗುತ್ತಾಳೆ, ಇಲ್ಲವೆ ಮದುವೆಯಾಗುತ್ತಾಳೆ. ಕೊಳ್ಳೇಗಾಲಕ್ಕೆ ಇಂದಿಗೂ ರೈಲಿಲ್ಲ, ನಮ್ಮಲ್ಲಿ ಗೆಳೆತನ ಬೇರೆಯಾಗುವುದು ಬಸ್ಸಿನ ಹತ್ತಿರ. ಜೂನಿನ ಬೆಳಗ್ಗೆ ಯಳಂದೂರಿಗೆ ಇಳಿಯುವ ಬಸ್ಸು ನಿಂತಿರುತ್ತದೆ. ಟ್ರಂಕು, ಬಕೆಟ್ಟು, ಬಕೆಟ್ಟಿನೊಳಗೆ ಮಡಚಿಟ್ಟ ಕಂಬಳಿ, ಹೊಸ ಚಪ್ಪಲಿ. ಉಳಿಯುವವಳು ಟ್ರಂಕಿನ ಒಂದು ಹಿಡಿ ಹಿಡಿದು ಹತ್ತಿಸಿ, ಕೆಳಗಿಳಿದು, ಕಿಟಕಿಯ ಸರಳು ಹಿಡಿದು “ಬಂದಾಗ ಮಾತಾಡ್ಸು ಕಣೇ” ಎನ್ನುತ್ತಾಳೆ. ದಸರಾ ರಜೆಗೆ ಬರುವಾಗ ಒಬ್ಬಳ ಮಾತಿನ ಧಾಟಿ ಬದಲಾಗಿರುತ್ತದೆ, ಇನ್ನೊಬ್ಬಳು ಅದನ್ನು ಗಮನಿಸಿರುತ್ತಾಳೆ. ಜಗಳವೇನೂ ಆಗಿರುವುದಿಲ್ಲ. ಕಾಡಿನ ದೊಡ್ಡಸಂಪಿಗೆ ಮರದ ಬಳಿಗೆ ಜೊತೆಯಾಗಿ ನಡೆದು ಹೋಗುತ್ತಿದ್ದವರು ದಾರಿಯಲ್ಲಿ ಸಿಕ್ಕರೆ “ಚೆನ್ನಾಗಿದ್ದೀಯಾ” ಎಂದು ಕೇಳಿ ಮುಂದೆ ಹೋಗುವಂತಾಗುತ್ತದೆ.

ಸ್ವಾಮಿಯ ಲೋಕದಲ್ಲಿ ಹುಡುಗಿಯರಿಗೆ ಜಾಗವೇ ಇಲ್ಲ. ಹುಡುಗಿಯರ ಗೆಳೆತನ ಮುರಿಯುವ ನೋವು ಇನ್ನೂ ಆಳದ್ದೆಂದು ನಾನು ನಂಬಿದ್ದೇನೆ, ಏಕೆಂದರೆ ಮದುವೆಯ ನಂತರ ಹುಡುಕಿಕೊಂಡು ಹೋಗುವ ಸ್ವಾತಂತ್ರ್ಯವೂ ಅವರಿಗಿರುವುದಿಲ್ಲ.

ಕನ್ನಡದಲ್ಲಿ ಪುಟ್ಟ ಮಕ್ಕಳಿಗೆ ಪದ್ಯ, ಕಥೆ ಧಾರಾಳವಾಗಿವೆ. ಹದಿನಾಲ್ಕರ ವಯಸ್ಸಿಗೆ ಬಂದೊಡನೆ ಓದುಗರನ್ನು ಸೀದಾ ದೊಡ್ಡವರ ಕಾದಂಬರಿಗೆ ದಾಟಿಸಿಬಿಡುತ್ತೇವೆ. ಕೆಲಸವೇ ನಡೆದಿಲ್ಲವೆಂದಲ್ಲ: ನಾ. ಡಿಸೋಜ ಅವರ ‘ಮುಳುಗಡೆಯ ಊರಿಗೆ ಬಂದವರು’ 2011ರಲ್ಲಿ, ತಮ್ಮಣ್ಣ ಬೀಗಾರರ ‘ಬಾವಲಿ ಗುಹೆ’ 2022ರಲ್ಲಿ ಸಾಹಿತ್ಯ ಅಕಾಡೆಮಿಯ ಬಾಲಸಾಹಿತ್ಯ ಪುರಸ್ಕಾರ ಪಡೆದವು. ಎರಡೂ ಮಲೆನಾಡಿನ ಕಡೆಯ ಲೇಖಕರವು. ನಮ್ಮ ಚಾಮರಾಜನಗರ ಸೀಮೆ ಮಂಟೇಸ್ವಾಮಿ, ಮಾದಪ್ಪನ ಮಹಾಕಾವ್ಯಗಳನ್ನು ರಾತ್ರಿಯಿಡೀ ಹಾಡಿದ ಸೀಮೆ. ಹದಿಹರೆಯದ ಇಬ್ಬರ ಕಥೆಯನ್ನು ಇನ್ನೂರು ಪುಟದಲ್ಲಿ ಹೇಳುವ ಶಕ್ತಿ ಅದಕ್ಕಿಲ್ಲವೆಂದರೆ ನಾನು ಒಪ್ಪುವುದಿಲ್ಲ.

ಹಿಂಟನ್ ತಮ್ಮ ಕಾದಂಬರಿ ಬರೆಯಲು ತೊಡಗಿದಾಗ ಅವರಿಗೆ 15 ವರ್ಷ, ಅದು ಅಚ್ಚಾದಾಗ 18. ಯಳಂದೂರು, ಕೊಳ್ಳೇಗಾಲ, ಹನೂರಿನ ಹೈಸ್ಕೂಲು, ಹಾಸ್ಟೆಲುಗಳ ಮೇಷ್ಟ್ರುಗಳಲ್ಲಿ, ಮೇಡಂಗಳಲ್ಲಿ ನನ್ನದೊಂದು ಕೋರಿಕೆ. ನೋಟು ಪುಸ್ತಕದ ಹಿಂದಿನ ಹಾಳೆಗಳಲ್ಲಿ ಯಾವುದಾದರೂ ಹುಡುಗಿ ತನ್ನ ಗೆಳತಿಯ ಬಗ್ಗೆ ಬರೆದದ್ದು ಕಣ್ಣಿಗೆ ಬಿದ್ದರೆ ಬೈಯಬೇಡಿ, ಹರಿಯಬೇಡಿ. ಅವಳೇ ಬೇಡವೆಂದು ಎಸೆಯಲು ಹೊರಟರೂ ಕೈಯಿಂದ ಇಸಿದುಕೊಂಡು ಓದಿ, ಓದಬಲ್ಲ ಇನ್ನೊಬ್ಬರಿಗೆ ತಲುಪಿಸಿ. ಪೂರ್ಣ ಮಾಡಿದ್ದು ಇಷ್ಟೇ.