ರೋಮನ್ ನಾಣ್ಯದ ಬೆಲೆ: ತಕ್ಕಡಿ ಎಷ್ಟು ಹೇಳಬಲ್ಲದು?

ಎರಡು ಸಾವಿರ ವರ್ಷಗಳ ಹಿಂದೆ ರೋಮ್ ಸಾಮ್ರಾಜ್ಯದ ಬೆಳ್ಳಿ ನಾಣ್ಯವೊಂದು ನಮ್ಮ ನಾಡಿಗೆ ಬರಬೇಕಾದರೆ ಕೆಂಪು ಸಮುದ್ರವನ್ನೂ ಅರಬ್ಬೀ ಸಮುದ್ರವನ್ನೂ ದಾಟಿ, ಮಲಬಾರಿನ ಮುಜಿರಿಸ್‌ನಂಥ ಬಂದರಿನಲ್ಲಿ ಇಳಿದು, ವರ್ತಕರ ಕೈಯಿಂದ ಕೈಗೆ ಸಾಗಬೇಕಾಗಿತ್ತು. ಇಂದು ಚಿಂತಾಮಣಿ ತಾಲ್ಲೂಕಿನ ಕೈವಾರದಲ್ಲಿ ಕುಳಿತೇ ಅಂತರಜಾಲದಲ್ಲಿ ಅದನ್ನು ಆಯ್ದು, ಹಣ ಕಟ್ಟಿ, ಅಂಚೆಯಲ್ಲಿ ತರಿಸಿಕೊಳ್ಳಬಹುದು. ತರಗತಿಯಲ್ಲಿ ತೋರಿಸಲೆಂದು ಕೊಳ್ಳುವ ಅಧ್ಯಾಪಕರಿದ್ದಾರೆ, ಹವ್ಯಾಸಕ್ಕಾಗಿ ಕೊಳ್ಳುವ ವಿದ್ಯಾರ್ಥಿಗಳಿದ್ದಾರೆ. ಪೊಟ್ಟಣ ಬಿಚ್ಚಿದ ಮೇಲೆ ಏಳುವ ಪ್ರಶ್ನೆ ಒಂದೇ: ಕೊಟ್ಟ ಹಣಕ್ಕೆ ಇದು ತಕ್ಕದ್ದೇ?

ಬೆಲೆ ಕಟ್ಟುವುದು ನಾಣ್ಯಶಾಸ್ತ್ರಜ್ಞರ ಕೆಲಸ, ನಿಜ. ಆದರೆ ಅದರ ಮೊದಲ ಮೆಟ್ಟಿಲುಗಳು ಭೌತವಿಜ್ಞಾನದವು. ನಿಮ್ಮ ಶಾಲೆಯ ಪ್ರಯೋಗಶಾಲೆಯಲ್ಲೇ ಅವನ್ನು ಹತ್ತಬಹುದು. ಎಲ್ಲಿಯವರೆಗೆ ಹತ್ತಬಹುದು, ಎಲ್ಲಿ ನಿಲ್ಲಬೇಕು ಎಂಬುದನ್ನು ಈ ಲೇಖನದಲ್ಲಿ ನೋಡೋಣ.

ನಮ್ಮ ನೆಲದಲ್ಲಿ ರೋಮನ್ ಬೆಳ್ಳಿ

ಕೈವಾರದಿಂದ ಬಸ್ಸಿನಲ್ಲಿ ಸುಮಾರು ಎರಡು ಗಂಟೆ ದೂರದ ಬೆಂಗಳೂರಿನಲ್ಲಿ ಇಂಥ ನಾಣ್ಯಗಳು ನೆಲದೊಳಗಿಂದಲೇ ದೊರೆತಿವೆ. 1891ರಲ್ಲಿ ಯಶವಂತಪುರದ ಬಳಿ 163, 1965ರಲ್ಲಿ ಎಚ್.ಎ.ಎಲ್. ವಿಮಾನ ನಿಲ್ದಾಣದ ಪ್ರದೇಶದಲ್ಲಿ 256 ಬೆಳ್ಳಿ ನಾಣ್ಯಗಳು ಸಿಕ್ಕವು. ಇವುಗಳ ಹೆಸರು ದಿನಾರಿಯಸ್. ಭಾರತದಲ್ಲಿ ದೊರೆತ ದಿನಾರಿಯಸ್‌ಗಳಲ್ಲಿ ಬಹುಪಾಲು ಆಗಸ್ಟಸ್ (ಕ್ರಿ.ಪೂ. 27–ಕ್ರಿ.ಶ. 14) ಮತ್ತು ತಿಬೇರಿಯಸ್ (ಕ್ರಿ.ಶ. 14–37) ಚಕ್ರವರ್ತಿಗಳ ಕಾಲದವು.

ಆ ಇಬ್ಬರವೇ ಏಕೆ? ಆಗಸ್ಟಸ್‌ನ ಕಾಲದಲ್ಲಿ ಒಂದು ರೋಮನ್ ಪೌಂಡ್ ಬೆಳ್ಳಿಯಿಂದ 84 ದಿನಾರಿಯಸ್ ಟಂಕಿಸುತ್ತಿದ್ದರು. ಒಂದೊಂದರ ತೂಕ ಸುಮಾರು 3.9 ಗ್ರಾಂ, ಬೆಳ್ಳಿಯ ಅಂಶ ಸುಮಾರು ಶೇ. 98. ಕ್ರಿ.ಶ. 64ರಲ್ಲಿ ನೀರೋ ಚಕ್ರವರ್ತಿ ಅದೇ ಪೌಂಡಿಗೆ 96 ನಾಣ್ಯ ಮಾಡಿಸಿದ. ತೂಕ ಸುಮಾರು 3.4 ಗ್ರಾಂಗೆ ಇಳಿಯಿತು, ಜೊತೆಗೆ ತಾಮ್ರವೂ ಬೆರೆಯಿತು. ಅಲ್ಲಿಂದ ಮುಂದಿನ ಬೆಳ್ಳಿ ನಾಣ್ಯಗಳು ನಮ್ಮಲ್ಲಿ ಸಿಗುವುದು ತೀರ ವಿರಳ. ಇಲ್ಲಿನ ವರ್ತಕರು ಹಳೆಯ ಅಪ್ಪಟ ನಾಣ್ಯಗಳನ್ನೇ ಬಯಸಿದ್ದರು ಎಂಬುದು ಇದಕ್ಕೆ ಕೊಡುವ ಮುಖ್ಯ ವಿವರಣೆ. ಅಂದರೆ 'ಈ ರೋಮನ್ ನಾಣ್ಯದ ಬೆಲೆಯೆಷ್ಟು?' ಎಂಬ ನಿಮ್ಮ ಪ್ರಶ್ನೆ ಈ ನೆಲಕ್ಕೆ ಹೊಸದಲ್ಲ. ತಮಿಳುನಾಡಿನ ಪುದುಕ್ಕೋಟ್ಟೈ ಪ್ರದೇಶದಲ್ಲಿ 1898ರಲ್ಲಿ ದೊರೆತ 501 ರೋಮನ್ ಚಿನ್ನದ ನಾಣ್ಯಗಳಲ್ಲಿ ಹೆಚ್ಚಿನವುಗಳ ಮೇಲೆ, ಚಕ್ರವರ್ತಿಯ ಮುಖಕ್ಕೆ ಅಡ್ಡಲಾಗಿ, ಉಳಿಯಿಂದ ಗೀರಿದ ಗುರುತುಗಳಿವೆ.

ಗೀರದೆ ಪರೀಕ್ಷಿಸುವುದು ಹೇಗೆ?

ನಾವು ಗೀರುವಂತಿಲ್ಲ, ಒರೆಗಲ್ಲಿಗೆ ಉಜ್ಜುವಂತಿಲ್ಲ. ಗಾಯವಾದ ನಾಣ್ಯದ ಬೆಲೆ ಅಲ್ಲೇ ಕುಸಿಯುತ್ತದೆ. ನೆಲಕ್ಕೆ ಹಾಕಿ ಸದ್ದು ಕೇಳುವುದೂ ಬೇಡ. ಶತಮಾನಗಳ ಕಾಲ ಮಣ್ಣಿನಲ್ಲಿದ್ದ ಬೆಳ್ಳಿ ಎಷ್ಟೋ ಸಲ ಪೆಡಸಾಗಿರುತ್ತದೆ, ಬಿದ್ದರೆ ಒಡೆಯಬಹುದು. ಉಳಿದಿರುವುದು ಆರ್ಕಿಮಿಡೀಸನ ದಾರಿ, ಸಾಂದ್ರತೆಯ ಅಳತೆ.

ಮೊದಲು ನಾಣ್ಯವನ್ನು ತೂಗಿರಿ. ನಂತರ ನೀರಿರುವ ಚಿಕ್ಕ ಬೀಕರನ್ನು ಎಲೆಕ್ಟ್ರಾನಿಕ್ ತಕ್ಕಡಿಯ ಮೇಲಿಟ್ಟು ಸೊನ್ನೆಗೆ ತನ್ನಿ. ನಾಣ್ಯವನ್ನು ತೆಳುವಾದ ನೂಲಿನಲ್ಲಿ ಕಟ್ಟಿ, ಪೂರ್ತಿ ಮುಳುಗುವಂತೆ, ಆದರೆ ತಳಕ್ಕೂ ಅಂಚಿಗೂ ತಾಗದಂತೆ ನೀರಿನಲ್ಲಿ ಇಳಿಬಿಡಿ. ನಾಣ್ಯದ ಭಾರವನ್ನು ಹೊತ್ತಿರುವುದು ನಿಮ್ಮ ಕೈ. ಆದರೂ ತಕ್ಕಡಿ ಏನೋ ತೋರಿಸುತ್ತದೆ! ನೀರು ನಾಣ್ಯವನ್ನು ಮೇಲಕ್ಕೆ ಒತ್ತುತ್ತದೆ. ನ್ಯೂಟನ್ನನ ಮೂರನೆಯ ನಿಯಮದಂತೆ ನಾಣ್ಯ ನೀರನ್ನು ಅಷ್ಟೇ ಬಲದಿಂದ ಕೆಳಕ್ಕೆ ಒತ್ತುತ್ತದೆ. ತಕ್ಕಡಿ ತೋರಿಸುವ ಗ್ರಾಂ ಎಂದರೆ ನಾಣ್ಯ ಸ್ಥಾನಪಲ್ಲಟಗೊಳಿಸಿದ ನೀರಿನ ದ್ರವ್ಯರಾಶಿ. ಒಂದು ಗ್ರಾಂ ನೀರು ಹೆಚ್ಚುಕಡಮೆ ಒಂದು ಘನ ಸೆಂಟಿಮೀಟರ್ ಆದ್ದರಿಂದ ಅದೇ ನಾಣ್ಯದ ಗಾತ್ರ. ತೂಕವನ್ನು ಗಾತ್ರದಿಂದ ಭಾಗಿಸಿದರೆ ಸಾಂದ್ರತೆ ಬಂತು. ನಾಣ್ಯಕ್ಕೆ ಗಾಳಿಗುಳ್ಳೆ ಅಂಟಿಕೊಂಡಿದ್ದರೆ ಅಳತೆ ತಪ್ಪುತ್ತದೆ. ನೀರನ್ನು ಕುದಿಸಿ ಆರಿಸಿ, ಒಂದು ಹನಿ ಸೋಪಿನ ದ್ರಾವಣ ಬೆರೆಸಿದರೆ ಈ ತೊಂದರೆ ಬಹುಮಟ್ಟಿಗೆ ತಪ್ಪುತ್ತದೆ.

ನಿಮ್ಮ ನಾಣ್ಯ 3.70 ಗ್ರಾಂ ತೂಗುತ್ತದೆ ಎನ್ನೋಣ. ಯಾವ ಲೋಹವಾದರೆ ತಕ್ಕಡಿ ಎಷ್ಟು ತೋರಿಸಬೇಕು ಎಂಬ ಲೆಕ್ಕ ಹೀಗಿದೆ:

ಶೇ. 98 ಬೆಳ್ಳಿ, ಉಳಿದದ್ದು ತಾಮ್ರ (ಸಾಂದ್ರತೆ 10.45): 0.354 ಗ್ರಾಂ
ಶೇ. 80 ಬೆಳ್ಳಿ, ಉಳಿದದ್ದು ತಾಮ್ರ (10.14): 0.365 ಗ್ರಾಂ
ಶೇ. 50 ಬೆಳ್ಳಿ, ಉಳಿದದ್ದು ತಾಮ್ರ (9.66): 0.383 ಗ್ರಾಂ
ತಾಮ್ರ (8.96): 0.413 ಗ್ರಾಂ
ತವರ (7.3): 0.507 ಗ್ರಾಂ
ಸತು (7.14): 0.518 ಗ್ರಾಂ

ಈ ಅಂಕಿಗಳನ್ನು ಒಮ್ಮೆ ನಿಧಾನವಾಗಿ ಗಮನಿಸಿ. ಶಾಲೆಯ ತಕ್ಕಡಿ 0.01 ಗ್ರಾಂವರೆಗೆ ಮಾತ್ರ ಅಳೆಯುವುದಾದರೆ ತವರ ಅಥವಾ ಸತುವಿನ ಎರಕದ ನಕಲಿ ತಟ್ಟನೆ ಸಿಕ್ಕಿಬೀಳುತ್ತದೆ. ಬೆಳ್ಳಿಯ ಲೇಪವಿರುವ ತಾಮ್ರದ ತುಂಡೂ ಸಿಕ್ಕಿಬೀಳುತ್ತದೆ. ಆದರೆ ಶೇ. 98ಕ್ಕೂ ಶೇ. 80ಕ್ಕೂ ನಡುವಿನ ವ್ಯತ್ಯಾಸ ಕೇವಲ 0.011 ಗ್ರಾಂ. ಅದು ತಕ್ಕಡಿಯ ಅನಿಶ್ಚಿತತೆಯಷ್ಟೇ! ಹಾಗಾಗಿ ಆಗಸ್ಟಸನ ಅಪ್ಪಟ ಬೆಳ್ಳಿಯನ್ನು ಕಲಬೆರಕೆ ಬೆಳ್ಳಿಯಿಂದ ಬೇರ್ಪಡಿಸಲು 0.001 ಗ್ರಾಂ ಅಳೆಯುವ ತಕ್ಕಡಿ ಬೇಕು. ಉತ್ತರದ ಜೊತೆಗೆ ಅದರ ಅನಿಶ್ಚಿತತೆಯನ್ನೂ ಬರೆಯಬೇಕೆಂದು ನಾವು ಪ್ರಾಯೋಗಿಕ ತರಗತಿಯಲ್ಲಿ ಒತ್ತಾಯಿಸುವುದು ಇದಕ್ಕೇ.

ಇನ್ನೊಂದು ಎಚ್ಚರಿಕೆ. ಸುಮಾರು 85 ಪಾಲು ಸೀಸಕ್ಕೆ 15 ಪಾಲು ತವರ ಬೆರೆಸಿದರೆ ಆ ಮಿಶ್ರಲೋಹದ ಸಾಂದ್ರತೆಯೂ ಬೆಳ್ಳಿಯಷ್ಟೇ ಆಗುತ್ತದೆ. ಇಲ್ಲಿ ಬೇರೊಂದು ಗುಣವನ್ನು ನೋಡಬೇಕು. ಬೆಳ್ಳಿ ಶಾಖವನ್ನು ಸೀಸಕ್ಕಿಂತ ಹತ್ತು ಪಟ್ಟಿಗೂ ಹೆಚ್ಚು ಚೆನ್ನಾಗಿ ಸಾಗಿಸುತ್ತದೆ. ನಾಣ್ಯದ ಒಂದು ಅಂಚನ್ನು ಬೆರಳಿನಲ್ಲಿ ಹಿಡಿದು ಇನ್ನೊಂದು ಅಂಚನ್ನು ಮಂಜುಗಡ್ಡೆಗೆ ತಾಗಿಸಿ. ಪಕ್ಕದಲ್ಲಿ ಅದೇ ಅಳತೆಯ, ಖಚಿತವಾಗಿ ಬೆಳ್ಳಿಯದೆಂದು ಗೊತ್ತಿರುವ ನಾಣ್ಯವನ್ನೂ ಹಾಗೆಯೇ ಹಿಡಿದು ಹೋಲಿಸಿ. ಬೆಳ್ಳಿಯಲ್ಲಿ ತಣುಪು ಬೆರಳಿಗೆ ಬೇಗ ತಲುಪುತ್ತದೆ. ತಾಮ್ರವೂ ಶಾಖವನ್ನು ಹೀಗೆಯೇ ಸಾಗಿಸುತ್ತದೆ, ಆದರೆ ಅದನ್ನು ಸಾಂದ್ರತೆ ಆಗಲೇ ಹಿಡಿದಿರುತ್ತದೆ. ಒಂದು ಪರೀಕ್ಷೆ ಬಿಟ್ಟದ್ದನ್ನು ಇನ್ನೊಂದು ಹಿಡಿಯುತ್ತದೆ.

ಮೇಲ್ಮೈ ಹೇಳುವುದೆಲ್ಲ ನಿಜವಲ್ಲ

'ಕ್ಷ-ಕಿರಣ ಪ್ರತಿದೀಪ್ತಿಯಿಂದ ಪರೀಕ್ಷಿಸಿದೆ' ಎಂದು ಕೆಲವು ಮಾರಾಟಗಾರರು ಬರೆದಿರುತ್ತಾರೆ. ಕ್ಷ-ಕಿರಣ ಬಿದ್ದಾಗ ಪ್ರತಿ ಧಾತುವೂ ತನ್ನದೇ ಶಕ್ತಿಯ ಕಿರಣವನ್ನು ಹೊರಸೂಸುತ್ತದೆ: ತಾಮ್ರ ಸುಮಾರು 8 ಕಿಲೋ ಎಲೆಕ್ಟ್ರಾನ್‌ವೋಲ್ಟ್, ಬೆಳ್ಳಿ ಸುಮಾರು 22. ವಿಧಾನ ಉತ್ತಮವಾದದ್ದೇ. ಆದರೆ ಬೆಳ್ಳಿಯೊಳಗಿನಿಂದ ತಾಮ್ರದ ಕಿರಣ ಹೊರಬರುವುದು ಕೆಲವೇ ಮೈಕ್ರೋಮೀಟರ್ ಆಳದಿಂದ. ಮಣ್ಣಿನಲ್ಲಿ ಮೇಲ್ಮೈಯ ತಾಮ್ರ ಕರಗಿಹೋಗಿರುತ್ತದೆ. ಟಂಕಸಾಲೆಯಲ್ಲೇ ಅದನ್ನು ತೆಗೆದು ಬೆಳ್ಳಗೆ ಮಾಡಿರುವುದೂ ಉಂಟು. ಆದ್ದರಿಂದ ಉಪಕರಣ ಬೆಳ್ಳಿಯನ್ನು ಹೆಚ್ಚಾಗಿ ತೋರಿಸುತ್ತದೆ. ನೀರೋನ ಹೊಸ ದಿನಾರಿಯಸ್‌ನಲ್ಲಿ ಶೇ. 93ರಷ್ಟು ಬೆಳ್ಳಿಯಿದೆ ಎಂದು ಇಂಥ ಅಳತೆಗಳ ಆಧಾರದಿಂದ ಬಹುಕಾಲ ನಂಬಲಾಗಿತ್ತು. ಕೆವಿನ್ ಬುಚರ್ ಮತ್ತು ಮ್ಯಾಥ್ಯೂ ಪಾಂಟಿಂಗ್ ನಾಣ್ಯದ ಅಂಚಿನಲ್ಲಿ ಸೂಕ್ಷ್ಮವಾಗಿ ಕೊರೆದು ಒಳಲೋಹವನ್ನು ವಿಶ್ಲೇಷಿಸಿದಾಗ ಅದು ಸುಮಾರು ಶೇ. 80 ಮಾತ್ರ ಎಂದು ತಿಳಿಯಿತು. ಸಾಂದ್ರತೆಯ ವಿಧಾನ ಸರಳವಾದರೂ ಅದು ಇಡೀ ನಾಣ್ಯವನ್ನು ಅಳೆಯುತ್ತದೆ, ಚರ್ಮವನ್ನಷ್ಟೇ ಅಲ್ಲ.

ಹಾಗಾದರೆ ಬೆಲೆ ಎಷ್ಟು?

ನಾಣ್ಯ ಎಲ್ಲ ಪರೀಕ್ಷೆಗಳಲ್ಲಿ ಗೆದ್ದಿತೆನ್ನೋಣ. ಅದು ಅಸಲಿ ಎಂದಾಯಿತೇ? ಇಲ್ಲ. ಇಂದಿನ ಬೆಳ್ಳಿಯಿಂದಲೇ ಹೊಸ ಅಚ್ಚಿನಲ್ಲಿ ಟಂಕಿಸಿದ ನಕಲಿಯೂ ಇವೆಲ್ಲವನ್ನೂ ಗೆಲ್ಲುತ್ತದೆ. ಇಂಗಾಲದ ಕಾಲನಿರ್ಣಯ ಲೋಹಕ್ಕೆ ಒದಗುವುದಿಲ್ಲ. ಅಳತೆ ನಕಲಿಯನ್ನು ತಳ್ಳಿಹಾಕಬಲ್ಲದು. ಅಸಲಿಯನ್ನು ಒಂಟಿಯಾಗಿ ಸಾಬೀತುಪಡಿಸಲಾರದು. ಮುಂದಿನ ಹೆಜ್ಜೆ ಕಣ್ಣಿನದು. ಹತ್ತು ಪಟ್ಟು ಹಿಗ್ಗಿಸುವ ಮಸೂರದಲ್ಲಿ ನೋಡಿ. ಮೇಲ್ಮೈಯಲ್ಲಿ ಗುಳ್ಳೆಗಳ ಸಣ್ಣ ಕುಳಿಗಳು, ಅಂಚಿನ ಸುತ್ತ ಜೋಡಣೆಯ ಗೆರೆ, ಮೊಂಡಾದ ಅಕ್ಷರಗಳು ಎರಕದ ಗುರುತುಗಳು. ಒಂದೇ ಕಲೆ, ಒಂದೇ ಬಿರುಕು ಎರಡು ನಾಣ್ಯಗಳಲ್ಲಿ ಕಂಡರೆ ಅವು ಒಂದೇ ಮೂಲದಿಂದ ಎರಕ ಹೊಯ್ದವು.

ಇನ್ನು ಹಣದ ಲೆಕ್ಕ. ಇಂದಿನ ಒಂದು ಗ್ರಾಂ ಬೆಳ್ಳಿಯ ದರವನ್ನು 3.7ರಿಂದ ಗುಣಿಸಿ. ಅದು ಲೋಹದ ಬೆಲೆ, ಲೆಕ್ಕದ ಕೆಳಮಿತಿ. ಅದರ ಮೇಲಿನದೆಲ್ಲ ಯಾವ ಚಕ್ರವರ್ತಿಯದು, ಯಾವ ಮುದ್ರೆ, ಎಷ್ಟು ಸವೆದಿದೆ, ಎಲ್ಲಿಂದ ಬಂದಿದೆ ಎಂಬುದಕ್ಕೆ ಸೇರಿದ್ದು. ವಿರಳವಾದದ್ದೆಲ್ಲ ದುಬಾರಿ ಎಂದೂ ಇಲ್ಲ. ತಿಬೇರಿಯಸ್‌ನ ಒಂದು ಬಗೆಯ ದಿನಾರಿಯಸ್ ಸಾಕಷ್ಟು ಸಿಗುತ್ತದೆ. ಆದರೂ ಅದು ಬೈಬಲ್ಲಿನಲ್ಲಿ ಬರುವ ನಾಣ್ಯವೆಂಬ ನಂಬಿಕೆಯಿಂದ ಬೇಡಿಕೆ ಹೆಚ್ಚು. ಬೆಲೆ ಹೋಲಿಸುವಾಗ ಮಾರಾಟಗಾರ ಕೇಳುವ ಬೆಲೆಯನ್ನಲ್ಲ, ಹರಾಜಿನಲ್ಲಿ ನಿಜವಾಗಿ ಮಾರಾಟವಾದ ಬೆಲೆಗಳನ್ನು ನೋಡಿ. ಹೊಳಪಿಗಾಗಿ ಹುಣಸೆಹಣ್ಣು ಹಾಕಿ ಉಜ್ಜಬೇಡಿ. ಆ ಕಪ್ಪು ಪದರವೂ ಬೆಲೆಯ ಒಂದು ಭಾಗ.

ಕಾನೂನನ್ನೂ ಮರೆಯುವಂತಿಲ್ಲ. ನೂರು ವರ್ಷ ದಾಟಿದ ನಾಣ್ಯ 1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಅಧಿನಿಯಮಕ್ಕೆ ಒಳಪಡುತ್ತದೆ. ಪ್ರಾಚ್ಯವಸ್ತುಗಳ ವ್ಯಾಪಾರಕ್ಕೆ ಪರವಾನಗಿ ಬೇಕು. ಖಾಸಗಿಯವರು ಅವನ್ನು ದೇಶದ ಹೊರಗೆ ಕಳುಹಿಸುವಂತಿಲ್ಲ. ಕೈವಾರದ ಹೊಲದಲ್ಲೇ ನೇಗಿಲಿಗೆ ನಾಣ್ಯದ ಗಡಿಗೆ ತಾಗಿದರೆ ಅದು ನಿಧಿ. ಕೂಡಲೇ ಜಿಲ್ಲಾಡಳಿತಕ್ಕೆ ತಿಳಿಸಬೇಕು.

ಈ ಕಾನೂನಿನ ಹಿಂದೆ ಒಂದು ವೈಜ್ಞಾನಿಕ ಕಾರಣವೂ ಇದೆ. 1947ರಲ್ಲಿ ಮಾರ್ಟಿಮರ್ ವ್ಹೀಲರ್ ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಉತ್ಖನನ ನಡೆಸಿದಾಗ ತಿಬೇರಿಯಸ್‌ನ ಒಂದು ದಿನಾರಿಯಸ್ ದೊರೆಯಿತು. ಮಾರುಕಟ್ಟೆಯಲ್ಲಿ ಅಂಥವು ಬೇಕಾದಷ್ಟಿವೆ. ಆದರೆ ಅದು ಯಾವ ಪದರದಲ್ಲಿ, ಯಾವ ಮಡಕೆ ಚೂರುಗಳ ಜೊತೆ ಇತ್ತೆಂಬುದು ದಾಖಲಾದ್ದರಿಂದ ಆ ಪದರದ ಕಾಲವನ್ನು ಗುರುತಿಸಲು ನೆರವಾಯಿತು. ಅದೇ ನಾಣ್ಯವನ್ನು ಯಾರೋ ಅಗೆದು ಮಾರಿದ್ದರೆ ಉಳಿಯುತ್ತಿದ್ದುದು ಮೂರೂ ಚಿಲ್ಲರೆ ಗ್ರಾಂ ಬೆಳ್ಳಿ ಮತ್ತು ಒಂದು ಮುಖ. ಆದ್ದರಿಂದ ಕೊಳ್ಳುವ ಮುನ್ನ 'ಬೆಲೆ ಎಷ್ಟು?' ಎಂದು ಕೇಳುವುದಕ್ಕೂ ಮೊದಲು 'ಎಲ್ಲಿ ಸಿಕ್ಕಿತು?' ಎಂದು ಕೇಳಿ. ಲಿಖಿತ ಉತ್ತರವಿಲ್ಲದ ನಾಣ್ಯವನ್ನು ಕೊಳ್ಳದಿರುವುದೇ ಲೇಸು. ಸಾಂದ್ರತೆಯ ಪ್ರಯೋಗಕ್ಕೆ ನಿಮ್ಮ ಜೇಬಿನಲ್ಲಿರುವ ಹತ್ತು ರೂಪಾಯಿಯ ನಾಣ್ಯವೂ ಸಾಕು. ನಾಳೆಯೇ ತರಗತಿಯಲ್ಲಿ ಮಾಡಿ ನೋಡಿ.