ಎಂ-ಸ್ಯಾಂಡ್: ದೋಷ ಪುಡಿಯದೋ, ನೀರಿನದೋ?

ಹಿರಿಯೂರು ಸಮೀಪದ ಮಾರಿಕಣಿವೆಯಲ್ಲಿ ವೇದಾವತಿಗೆ ಅಡ್ಡಲಾಗಿ 1907ರಲ್ಲಿ ಪೂರ್ಣಗೊಂಡ ವಾಣಿವಿಲಾಸ ಸಾಗರ, 1933ರ ನಂತರ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ನಡುವಿನ 89 ವರ್ಷಗಳೇ ಈ ಸೀಮೆಯ ನೀರಿನ ಬವಣೆಗೆ ಸಾಕ್ಷಿ. ಇಂತಹ ನಾಡಿನಲ್ಲಿ ನದಿಯ ಮರಳು ಮಳೆನೀರನ್ನು ಅಂತರ್ಜಲಕ್ಕೆ ಇಳಿಸುವ ಪದರ. ಅದನ್ನು ಬಗೆದು ಮನೆ ಕಟ್ಟುವುದು ಬಾವಿಯನ್ನು ಮಾರಿ ಕೊಡ ಕೊಂಡಂತೆ. ಆದ್ದರಿಂದ ಬಂಡೆಯನ್ನು ಅರೆದು ತಯಾರಿಸುವ ಎಂ-ಸ್ಯಾಂಡ್ ಸ್ವಾಗತಾರ್ಹ ಪರ್ಯಾಯ.

ಆದರೆ ಚಿತ್ರದುರ್ಗವಿರಲಿ, ಹೊಸದುರ್ಗ, ಹೊಳಲ್ಕೆರೆಯಿರಲಿ, ಮನೆ ಕಟ್ಟಿಸುವವರ ಅಳುಕು ಒಂದೇ: 'ಇದು ನೀರು ಕುಡಿಯುತ್ತದೆ, ತಾರಸಿ ಬಿರುಕು ಬಿಡುತ್ತದೆ.' ಈ ಅಳುಕಿನಲ್ಲಿ ಅರ್ಧ ಸತ್ಯವಿದೆ.

ಕಲ್ಲು ಅರೆಯುವಾಗ 75 ಮೈಕ್ರಾನ್‌ಗಿಂತ ಸಣ್ಣದಾದ ಪುಡಿ ಹುಟ್ಟುವುದು ಅನಿವಾರ್ಯ. ಭಾರತೀಯ ಮಾನಕ ಐಎಸ್ 383ರ 2016ರ ಪರಿಷ್ಕರಣೆ ನೈಸರ್ಗಿಕ ಮರಳಿನಲ್ಲಿ ಇಂತಹ ಕಣಗಳಿಗೆ ಶೇ 3ರ ಮಿತಿ ಹಾಕಿದರೆ, ಅರೆದ ಮರಳಿಗೆ ಶೇ 15ರವರೆಗೆ ಅವಕಾಶ ನೀಡಿದೆ. ಈ ತಾರತಮ್ಯಕ್ಕೆ ಕಾರಣವಿದೆ. ನದಿ ಮರಳಿನ ಸಣ್ಣ ಕಣಗಳಲ್ಲಿ ಜೇಡಿಯೇ ಹೆಚ್ಚಿರಬಹುದು; ಅದು ನೀರು ಹೀರಿ ಉಬ್ಬಿ, ಸಿಮೆಂಟಿನ ಹಿಡಿತವನ್ನು ಸಡಿಲಗೊಳಿಸುತ್ತದೆ. ಶುದ್ಧ ಕಲ್ಲಿನ ಪುಡಿ ಹಾಗಲ್ಲ. ಮಿತವಾಗಿದ್ದರೆ ಅದು ಮೊನಚು ಕಣಗಳ ನಡುವಿನ ಸಂದುಗಳನ್ನು ತುಂಬಿ, ಹಸಿ ಕಾಂಕ್ರೀಟನ್ನು ಒಗ್ಗೂಡಿಸುತ್ತದೆ. ಜಲ್ಲಿ ಬೇರ್ಪಡುವುದನ್ನೂ ನೀರು ಮೇಲಕ್ಕೆ ಒಸರುವುದನ್ನೂ ತಗ್ಗಿಸುತ್ತದೆ. ಪುಡಿಯನ್ನು ಪೂರ್ತಿ ತೊಳೆದುಬಿಟ್ಟರೆ ಮಿಶ್ರಣ ಒರಟಾಗುತ್ತದೆ.

ಪುಡಿ ಅತಿಯಾದರೆ ತೋಯಬೇಕಾದ ಮೇಲ್ಮೈ ಹೆಚ್ಚಿ, ಅಷ್ಟೇ ನೀರಿಗೆ ಮಿಶ್ರಣ ಬಿಗಿಯಾಗುತ್ತದೆ. ಆಗ ಮೇಸ್ತ್ರಿ ಇನ್ನೊಂದು ಬಕೆಟ್ ಸುರಿಯುತ್ತಾನೆ. ಅನಾಹುತ ಅಲ್ಲಿಂದ ಆರಂಭ. ಐಎಸ್ 456ರ 2000ನೇ ಇಸವಿಯ ಆವೃತ್ತಿಯಂತೆ, ಸೌಮ್ಯ ಪರಿಸರದಲ್ಲಿನ ಆರ್‌ಸಿಸಿಗೆ ನೀರು–ಸಿಮೆಂಟ್ ಅನುಪಾತ 0.55 ಮೀರಬಾರದು. ಅಂದರೆ 50 ಕಿಲೋ ಚೀಲಕ್ಕೆ, ಮರಳಿನ ತೇವವೂ ಸೇರಿ, 27.5 ಲೀಟರ್. ಐದು ಲೀಟರ್ ಹೆಚ್ಚಿದರೆ ಅನುಪಾತ 0.65 ಆಗಿ ಬಲ ಕುಗ್ಗುತ್ತದೆ. ಬಿಗಿ ಸಡಿಲಿಸಲು ಪ್ಲಾಸ್ಟಿಸೈಸರ್ ಇದೆ. ನೀರು ಅದಕ್ಕೆ ಬದಲಿಯಲ್ಲ.

ಇನ್ನೊಂದು ಅಪಾಯ ಗಾಳಿಯದು. ಚಿತ್ರದುರ್ಗದ ಬೆಟ್ಟಗಳ ಮೇಲೆ ಗಾಳಿಯಂತ್ರಗಳು ಸಾಲುಗಟ್ಟಿರುವುದು ಸುಮ್ಮನೆ ಅಲ್ಲ. ಪುಡಿ ನೀರನ್ನು ಒಳಗೇ ಹಿಡಿದಿಟ್ಟಾಗ ಮೇಲಕ್ಕೆ ಒಸರುವ ತೇವ ಕಡಿಮೆ. ಬಿಸಿಗಾಳಿ ಅದನ್ನೂ ಹೀರಿದರೆ, ಗಟ್ಟಿಯಾಗುವ ಮೊದಲೇ ಮೇಲ್ಮೈ ಕುಗ್ಗಿ ಬಿರುಕು ಮೂಡುತ್ತದೆ. ಮರುದಿನ ಕಟ್ಟೆ ಕಟ್ಟಿ ನೀರು ನಿಲ್ಲಿಸಿದರೆ ಈ ಬಿರುಕು ಮಾಯುವುದಿಲ್ಲ. ಬಿಸಿಲಿಳಿದ ಮೇಲೆ ಮೋಲ್ಡ್ ಹಾಕಿ, ಮಟ್ಟ ಮಾಡಿದ ಕೂಡಲೇ ಪ್ಲಾಸ್ಟಿಕ್ ಹಾಳೆ ಹೊದಿಸುವುದೇ ಪರಿಹಾರ.

ಜಲ್ಲಿ ಕ್ರಷರ್‌ನ ಉಳಿಕೆ ಪುಡಿಯೆಲ್ಲ ಎಂ-ಸ್ಯಾಂಡ್ ಅಲ್ಲ ಎಂಬುದನ್ನು ಗ್ರಾಹಕರು ಅರಿಯಬೇಕು. ಸಣ್ಣ ಕಣಗಳ ಪ್ರಮಾಣವನ್ನು ಜರಡಿ ಪರೀಕ್ಷೆ ಹೇಳುತ್ತದೆ. ಅದು ಕಲ್ಲೋ ಜೇಡಿಯೋ ಎಂಬುದರ ಸುಳಿವನ್ನು ಮೀಥಿಲೀನ್ ಬ್ಲೂ ಪರೀಕ್ಷೆ ನೀಡುತ್ತದೆ. ಪ್ರತಿ ಲೋಡಿನೊಂದಿಗೆ ಈ ಎರಡರ ವರದಿಯನ್ನೂ ಕೇಳುವ ಪರಿಪಾಠ ಬೆಳೆಯಲಿ. ನಿವೇಶನದಲ್ಲಿ 300 ಮಿಲಿಮೀಟರ್ ಎತ್ತರದ ಸ್ಲಂಪ್ ಕೋನ್ ಒಂದಿರಲಿ. ಜೀವಮಾನದ ಉಳಿತಾಯವನ್ನು ತಾರಸಿಗೆ ಸುರಿಯುವವರಿಗೆ ಇಷ್ಟು ಎಚ್ಚರ ದುಬಾರಿಯೇನಲ್ಲ. ನದಿಯನ್ನು ಉಳಿಸಹೊರಟ ಮರಳು ಸೂರನ್ನೂ ಉಳಿಸಬೇಕು.