ಆರಿಂಚಿನ ಭ್ರಮೆ

ಮನೆಯ ಸ್ಯಾನಿಟರಿ ಲೈನ್ ಪದೇ ಪದೇ ಕಟ್ಟಿಕೊಳ್ಳುತ್ತಿದೆ ಎಂದು ಬೆಂಗಳೂರಿನಲ್ಲಿ ಯಾರ ಬಳಿ ಹೇಳಿಕೊಂಡರೂ ಸಿಗುವ ಸಲಹೆ ಒಂದೇ: "ನಾಲ್ಕಿಂಚು ಸಾಲಲ್ಲ ಸಾರ್, ಕಿತ್ತು ಆರಿಂಚು ಹಾಕಿಸಿಬಿಡಿ, ಜೀವಮಾನಪೂರ್ತಿ ತಲೆನೋವಿರಲ್ಲ." ಪ್ಲಂಬರ್ ಹಾಗೇ ಹೇಳುತ್ತಾನೆ, ಮೇಸ್ತ್ರಿಯೂ ಹಾಗೇ ಹೇಳುತ್ತಾನೆ, ಎದುರು ಮನೆಯ ಯಜಮಾನರಂತೂ ತಮ್ಮ ಮನೆಯನ್ನೇ ಉದಾಹರಣೆ ಕೊಡುತ್ತಾರೆ. ಈ ಮಾತು ನಂಬಿ ಅಂಗಳದ ಟೈಲ್ಸ್ ಒಡೆಸಿ, ಕಾಂಪೌಂಡ್ ಕೆಳಗೆ ತೂತು ಕೊರೆಸಿ, ಕೈಯಲ್ಲಿದ್ದ ಹಣವನ್ನೆಲ್ಲ ಸುರಿದ ಮನೆಗಳಲ್ಲಿ ಮುಂದಿನ ಮಳೆಗಾಲದೊಳಗೆ ಅದೇ ಚೇಂಬರ್ ಮತ್ತೆ ತುಂಬಿ ನಿಂತದ್ದನ್ನು ಕಂಡು ಕಂಡು ನನಗೆ ರೋಸಿಹೋಗಿದೆ. ಪೈಪು ಬದಲಾಗಿರುತ್ತದೆ, ವಾಟ ಬದಲಾಗಿರುವುದಿಲ್ಲ.

ಕೊಳಚೆ ನೀರು ಪಂಪಿನ ಒತ್ತಡದಿಂದ ಹೋಗುವುದಿಲ್ಲ, ಇಳಿಜಾರಿನಿಂದ ಹೋಗುತ್ತದೆ. ನಾಲ್ಕಿಂಚಿನ ಪೈಪನ್ನು 40 ಅಡಿಗೆ ಒಂದಡಿ ಇಳಿಯುವಂತೆ ಕೂರಿಸಿದರೆ, ತುಂಬಿ ಹರಿಯುವಾಗ ಅದು ಸೆಕೆಂಡಿಗೆ ಸುಮಾರು 8 ಲೀಟರ್ ನೀರು ಸಾಗಿಸುತ್ತದೆ. ಮಹಡಿಯ ಮೇಲಿರುವ ಸಾವಿರ ಲೀಟರಿನ ಟ್ಯಾಂಕನ್ನು ಒಮ್ಮೆಲೇ ಈ ಪೈಪಿಗೆ ಸುರಿದರೂ ಎರಡು ನಿಮಿಷದ ಆಸುಪಾಸಿನಲ್ಲಿ ಖಾಲಿಯಾಗಬೇಕು. ಒಂದು ಕುಟುಂಬ ಎಲ್ಲ ನಲ್ಲಿಗಳನ್ನೂ ತಿರುಗಿಸಿ, ಇರುವ ಎರಡೂ ಕಮೋಡುಗಳನ್ನು ಒಟ್ಟಿಗೆ ಫ್ಲಶ್ ಮಾಡಿದರೂ ಇಷ್ಟು ನೀರು ಹೊರಡುವುದಿಲ್ಲ. ಹಾಗಿದ್ದ ಮೇಲೆ ಪೈಪು ಚಿಕ್ಕದು ಎಂಬ ಮಾತು ಬಂದದ್ದೆಲ್ಲಿಂದ?

ಒಂದು ಅರ್ಧಸತ್ಯದಿಂದ. ನಾಲ್ಕಿಂಚಿಗೆ ನಲವತ್ತಕ್ಕೊಂದು, ಆರಿಂಚಿಗೆ ಅರವತ್ತಕ್ಕೊಂದು, ಒಂಬತ್ತಿಂಚಿಗೆ ತೊಂಬತ್ತಕ್ಕೊಂದು ಎಂಬ ಲೆಕ್ಕ ಹಳೆಯ ಎಂಜಿನಿಯರುಗಳಿಗೆ ಬಾಯಿಪಾಠ. ಪೈಪು ದೊಡ್ಡದಾದಷ್ಟೂ ಕಡಿಮೆ ವಾಟ ಸಾಕು ಎಂದು ಇದನ್ನು ಓದಿಕೊಂಡವರು, ವಾಟ ಸಿಗದ ಕಡೆ ದೊಡ್ಡ ಪೈಪು ಹಾಕಿದರೆ ಆಯಿತು ಎಂದು ತೀರ್ಮಾನಿಸಿಬಿಟ್ಟಿದ್ದಾರೆ. ಆದರೆ ಆ ಲೆಕ್ಕ ನಿಲ್ಲುವುದು ಪೈಪು ಅರ್ಧದಷ್ಟಾದರೂ ತುಂಬಿ ಹರಿದಾಗ. ಒಂದು ಮನೆಯ ನೀರು ಆರಿಂಚಿನ ಪೈಪಿನ ಅರ್ಧವನ್ನು ಎಂದೂ ತುಂಬುವುದಿಲ್ಲ. ತಳದಲ್ಲಿ ತೆಳ್ಳಗೆ ಹರಡಿಕೊಂಡು, ವೇಗ ಕಳೆದುಕೊಂಡು, ಎತ್ತಿಕೊಂಡು ಹೋಗಬೇಕಾದ್ದನ್ನು ದಾರಿಯಲ್ಲೇ ಬಿಟ್ಟು ಹೋಗುತ್ತದೆ. ಅಮೆರಿಕದ ಹತ್ತು ರಾಜ್ಯಗಳು ಸೇರಿ ಮಾಡಿಕೊಂಡ ಒಳಚರಂಡಿ ಮಾನದಂಡದಲ್ಲಿ, ಕಡಿಮೆ ವಾಟವನ್ನು ಸಮರ್ಥಿಸಿಕೊಳ್ಳಲು ದೊಡ್ಡ ಪೈಪು ಹಾಕಿದರೆ ಅಂಥ ನಕ್ಷೆಗೆ ಒಪ್ಪಿಗೆ ಇಲ್ಲ ಎಂದು ಸ್ಪಷ್ಟವಾಗಿಯೇ ಇದೆ. ಅಲ್ಲಿಯವರಿಗೂ ಇದೇ ಆಸೆ ಹುಟ್ಟಿರಬೇಕು, ಅದಕ್ಕೇ ನಿಯಮ ಬೇಕಾಯಿತು.

ನಿಮ್ಮ ಮನೆಗೆ ಎಷ್ಟು ವಾಟ ಸಿಗುತ್ತದೆ ಎಂಬುದನ್ನು ಎರಡೇ ಎತ್ತರಗಳು ನಿರ್ಧರಿಸುತ್ತವೆ: ನಿಮ್ಮ ಶೌಚಾಲಯದ ಪೈಪು ನೆಲಕ್ಕಿಳಿಯುವ ಜಾಗದ ಮಟ್ಟ, ಮತ್ತು ರಸ್ತೆಯ ಮ್ಯಾನ್‌ಹೋಲಿನ ಒಳಗೆ ಲೈನ್ ಸೇರುವ ಮಟ್ಟ. ಇವೆರಡರ ನಡುವಿನ ವ್ಯತ್ಯಾಸ ಎಂಟಿಂಚು ಇದ್ದರೆ ಎಂಟೇ ಇಂಚು. ಯಾವ ಕಂಪನಿಯ ಪೈಪು ತಂದರೂ ಒಂಬತ್ತಾಗದು. ಟ್ಯೂಬ್ ಲೆವೆಲ್ ಹಿಡಿದು ಇದನ್ನು ಅಳೆಯಲು ಇಬ್ಬರಿಗೆ ಅರ್ಧ ಗಂಟೆ ಸಾಕು. ಆ ಅರ್ಧ ಗಂಟೆ ಯಾರಿಗೂ ಇರುವುದಿಲ್ಲ. ಪೈಪಿನ ಅಂಗಡಿಯಲ್ಲಿ ಕಂಪನಿಯ ಹೆಸರು ಹಿಡಿದು ಗಂಟೆಗಟ್ಟಲೆ ಚರ್ಚೆ ಮಾಡುತ್ತಾರೆ.

ಇನ್ನು ಕೂರಿಸುವ ಬಗೆ. ಕಾಲುವೆ ತೋಡಿದ ಮೇಲೆ ಮೇಸ್ತ್ರಿ ಅಲ್ಲಲ್ಲಿ ಅರ್ಧ ಇಟ್ಟಿಗೆಯ ತುಂಡುಗಳನ್ನಿಟ್ಟು ಅದರ ಮೇಲೆ ಪಿವಿಸಿ ಪೈಪು ಮಲಗಿಸುತ್ತಾನೆ. ಕಣ್ಣಂದಾಜಿನಲ್ಲಿ ಒಂದು ತುಂಡು ತೆಗೆದು, ಇನ್ನೊಂದು ಕಡೆ ಚೂರು ಸೇರಿಸಿ "ವಾಟ ಚೆನ್ನಾಗಿ ಬಂತು" ಎನ್ನುತ್ತಾನೆ. ಅಗೆದ ಮಣ್ಣನ್ನು ಕಲ್ಲಿನ ಸಮೇತ ಒಮ್ಮೆಲೇ ಮೇಲಕ್ಕೆ ತಳ್ಳಿ ನೀರು ಬಿಟ್ಟು ಮುಚ್ಚುತ್ತಾರೆ. ಮೊದಲ ಜೋರು ಮಳೆಗೆ ಮಣ್ಣು ಕುಸಿಯುತ್ತದೆ, ಇಟ್ಟಿಗೆ ಇದ್ದಲ್ಲಿ ಪೈಪು ನಿಲ್ಲುತ್ತದೆ, ಇಲ್ಲದಲ್ಲಿ ತೊಟ್ಟಿಲಂತೆ ಬಾಗುತ್ತದೆ. ಆ ಬಾಗಿನಲ್ಲಿ ನೀರು ಯಾವಾಗಲೂ ನಿಂತಿರುತ್ತದೆ, ಎಣ್ಣೆ ಜಿಡ್ಡು ಮೇಲೆ ಕಟ್ಟುತ್ತದೆ, ಗಟ್ಟಿಯದು ಕೆಳಗೆ ಕೂರುತ್ತದೆ. ಆರಿಂಚಿನ ಪೈಪಿನಲ್ಲಿ ಆ ಬಾಗು ಇನ್ನೂ ಹೆಚ್ಚು ಹೊಲಸನ್ನು ಹಿಡಿದಿಡುತ್ತದೆ, ಅಷ್ಟೇ ಅದರ ಲಾಭ. ಪೈಪಿನ ಹೊಟ್ಟೆಯ ಉದ್ದಕ್ಕೂ ಮರಳಿನ ಹಾಸು ಇರಬೇಕು, ಮೇಲೆ ಕಲ್ಲಿಲ್ಲದ ಮಣ್ಣನ್ನು ಆರಾರು ಇಂಚಿನ ಪದರಗಳಲ್ಲಿ ಹಾಕಿ ದಮ್ಮಸ್ಸು ಮಾಡಬೇಕು. ಇದಕ್ಕೆ ಹೆಚ್ಚುವರಿಯಾಗಿ ಹಿಡಿಯುವುದು ಒಂದಷ್ಟು ಮರಳು, ಒಂದು ದಿನದ ಕೂಲಿ.

ಕೆಲಸ ಸರಿಯಾಗಿದೆಯೇ ಎಂದು ತಿಳಿಯಲು ಎಂಜಿನಿಯರೇ ಬೇಕೆಂದಿಲ್ಲ. ಮಣ್ಣು ಮುಚ್ಚುವ ಮೊದಲು ಎರಡು ಚೇಂಬರುಗಳ ಮುಚ್ಚಳ ತೆಗೆಸಿ. ಒಂದು ಕಡೆ ಪೈಪಿನ ಬಾಯಿಗೆ ಟಾರ್ಚ್ ಹಿಡಿಸಿ, ಇನ್ನೊಂದು ಕಡೆ ಪೈಪಿನ ಬಾಯಿಯ ಮುಂದೆ ಓರೆಯಾಗಿ ಕನ್ನಡಿ ಹಿಡಿದು ನೋಡಿ. ಬೆಳಕು ಪೂರ್ಣ ಚಂದ್ರನಂತೆ ಕಂಡರೆ ಲೈನ್ ನೇರವಾಗಿದೆ. ಅರ್ಧಕ್ಕೆ ಕತ್ತರಿಸಿದಂತೆ ಕಂಡರೆ ಎಲ್ಲೋ ಬಾಗಿದೆ ಅಥವಾ ಪಕ್ಕಕ್ಕೆ ಸರಿದಿದೆ. ಆಮೇಲೆ ಪೈಪಿನ ಒಳಗಿನ ಅಳತೆಗಿಂತ ಅರ್ಧ ಇಂಚು ಚಿಕ್ಕದಾದ ನುಣುಪು ಚೆಂಡನ್ನು ಮೇಲಿನ ಕಡೆಯಿಂದ ಬಿಡಿ, ತಾನಾಗಿ ಉರುಳಿಕೊಂಡು ಕೆಳಗೆ ಬರಬೇಕು. ಕೆಳಗಿನ ಬಾಯಿ ಬಿಗಿಯಾಗಿ ಮುಚ್ಚಿ ನೀರು ತುಂಬಿಸಿ ಬಿಟ್ಟರೆ ಸೋರಿಕೆಯೂ ಗೊತ್ತಾಗುತ್ತದೆ. ಈ ಮೂರೂ ಪರೀಕ್ಷೆ ಹಿಂದಿನಿಂದಲೂ ಇರುವಂಥವು. ಕೊನೆಯ ಕಂತಿನ ಹಣ ಇವು ಮುಗಿದ ಮೇಲೆಯೇ ಎಂದು ಮೊದಲೇ ಮಾತಾಡಿಕೊಳ್ಳಿ. ಹಾಗೆಯೇ ಚೇಂಬರಿನ ತಳ ಚಪ್ಪಟೆಯಾಗಿದ್ದರೆ ಒಪ್ಪಬೇಡಿ. ನಡುವೆ ಅರ್ಧ ಪೈಪಿನ ಆಕಾರದ ಕಾಲುವೆ, ಎರಡೂ ಬದಿಗೆ ಅದರತ್ತ ಇಳಿಯುವ ನುಣುಪು ಸಿಮೆಂಟು ಇರಬೇಕು. ಚಪ್ಪಟೆ ತಳದಲ್ಲಿ ಎಲ್ಲವೂ ಕೂತುಬಿಡುತ್ತದೆ.

ಆರಿಂಚು ಎಲ್ಲೂ ಬೇಡ ಎಂದು ನಾನು ಹೇಳುತ್ತಿಲ್ಲ. ಬಾಡಿಗೆ ಮನೆಗಳೆಲ್ಲ ಸೇರಿ ಎಂಟು ಹತ್ತು ಸಂಸಾರಗಳ ನೀರು ಒಂದೇ ಲೈನಿಗೆ ಬೀಳುವ ಕಟ್ಟಡಕ್ಕೆ ಬೇಕು. ಕೊನೆಯ ಚೇಂಬರಿನಿಂದ ಮ್ಯಾನ್‌ಹೋಲಿನವರೆಗಿನ ಭಾಗಕ್ಕೆ ಜಲಮಂಡಳಿ ಹೇಳಿದ ಅಳತೆಯನ್ನೇ ಹಾಕಬೇಕು. ಆದರೆ ಕಟ್ಟಿಕೊಳ್ಳುವ ರೋಗಕ್ಕೆ ಅದು ಮದ್ದಲ್ಲ.

ಬದಲಿಸಬೇಕೇ ಬೇಡವೇ ಎಂಬ ಪ್ರಶ್ನೆಗೂ ಖರ್ಚಿಲ್ಲದ ಉತ್ತರವಿದೆ. ಕಟ್ಟಿಕೊಂಡಾಗ ಗೇಟಿನ ಬಳಿಯ ಕೊನೆಯ ಚೇಂಬರ್ ತೆಗೆದು ದೂರದಿಂದ ನೋಡಿ. ಅದು ಖಾಲಿ ಇದ್ದರೆ ತೊಂದರೆ ಮನೆಯೊಳಗಿನ ಲೈನಿನಲ್ಲಿದೆ. ತುಂಬಿದ್ದರೆ ರಸ್ತೆಯ ಮ್ಯಾನ್‌ಹೋಲ್ ಏನಾಗಿದೆ ಎಂದು ಜಲಮಂಡಳಿಯವರನ್ನು ಕರೆಸಿ ನೋಡಿಸಿ. ಅದೂ ತುಂಬಿದ್ದರೆ ಚಿನ್ನದ ಪೈಪು ಹಾಕಿಸಿದರೂ ನಿಮ್ಮ ಮನೆಯ ನೀರು ಹೋಗುವುದಿಲ್ಲ. ಪ್ರತಿ ಸಲ ಡಾಂಬರು ಹಾಕಿದಾಗಲೂ ಮೇಲೆದ್ದ ರಸ್ತೆಗಳಿಂದಾಗಿ ಹಳೇ ಬಡಾವಣೆಗಳಲ್ಲಿ ಎಷ್ಟೋ ಮನೆಗಳು ಈಗ ತಗ್ಗಿನಲ್ಲಿವೆ. ರಸ್ತೆಯ ಲೈನ್ ತುಂಬಿದಾಗ ಕೊಳಚೆ ಹಿಂದಕ್ಕೆ ಬರುವುದು ಇಂಥ ಮನೆಗಳಿಗೇ. ಅವರಿಗೆ ಬೇಕಾದದ್ದು ನೀರು ವಾಪಸ್ ಬರದಂತೆ ತಡೆಯುವ ವಾಲ್ವ್. ನೆಲಮಾಳಿಗೆಯ ಶೌಚಾಲಯಕ್ಕಾದರೆ ಸಂಪಿಗೆ ಇಳಿಸಿ ಪಂಪಿನಿಂದ ಎತ್ತುವ ವ್ಯವಸ್ಥೆ.

ನಿಜವಾಗಿಯೂ ಬದಲಿಸಲೇಬೇಕಾದ ಲೈನುಗಳೂ ಇವೆ. ಹಳೇ ಮನೆಗಳಲ್ಲಿರುವ ಸ್ಟೋನ್‌ವೇರ್ ಪೈಪುಗಳ ತುಂಡುಗಳು ಎರಡಡಿ ಉದ್ದದವು. 40 ಅಡಿಯ ಲೈನಿನಲ್ಲಿ ಇಪ್ಪತ್ತರಷ್ಟು ಜಾಯಿಂಟುಗಳು, ಪ್ರತಿಯೊಂದೂ ಸೆಣಬು ಸುತ್ತಿ ಸಿಮೆಂಟು ಬಳಿದದ್ದು. ಪೈಪು ನೂರು ವರ್ಷ ಬಾಳುವಷ್ಟು ಗಟ್ಟಿ, ಜಾಯಿಂಟು ಮಾತ್ರ ಬಿಡುತ್ತದೆ. ಒಂದೆರಡು ಕಡೆ ಬಿಟ್ಟಿದ್ದರೆ ಅಷ್ಟನ್ನೇ ಸರಿಪಡಿಸಬಹುದು, ಉದ್ದಕ್ಕೂ ಹೋಗಿದ್ದರೆ ಬದಲಿಸುವುದೇ ಸರಿ. ಯಾವುದು ಎಂದು ತಿಳಿಯಲು ಪೈಪಿನೊಳಗೆ ಕ್ಯಾಮೆರಾ ಬಿಡುವವರು ಈಗ ನಗರದಲ್ಲಿದ್ದಾರೆ. ಅಗೆಯುವ ಮೊದಲು ಅವರಿಗೆ ಕೊಡುವ ಹಣ ವ್ಯರ್ಥವಲ್ಲ. ಮರದ ಬೇರು ಪೈಪು ಒಡೆಯಿತು ಎಂದು ಹೊಂಗೆ ಕಡಿಸುವವರಿಗೆ ಒಂದು ಮಾತು: ಸೋರುವ ಜಾಯಿಂಟಿಗೆ ಬೇರು ಬರುತ್ತದೆ, ಸೋರದ ಪೈಪಿನಲ್ಲಿ ಅದಕ್ಕೆ ಕೆಲಸವಿಲ್ಲ.

ಖರ್ಚಿನ ಬಗ್ಗೆಯೂ ಜನರ ಲೆಕ್ಕ ತಲೆಕೆಳಗು. 40 ಅಡಿ ಲೈನಿಗೆ 20 ಅಡಿಯ ಎರಡು ಪೈಪು ಸಾಕು. ಆದರೆ ಎರಡಡಿ ಅಗಲ, ಮೂರಡಿ ಆಳ ತೋಡಿದರೆ ಹೊರಬರುವುದು 240 ಘನ ಅಡಿ ಮಣ್ಣು. ಅದರ ಮೇಲಿದ್ದ ಕಾಂಕ್ರೀಟು, ಟೈಲ್ಸು ಒಡೆಯಬೇಕು, ಮತ್ತೆ ಹಾಕಬೇಕು. ರಸ್ತೆ ಅಗೆಯಲು ಪಾಲಿಕೆಯ ಅನುಮತಿ ಪಡೆದು ಶುಲ್ಕ ಕಟ್ಟಬೇಕು, ಸಂಪರ್ಕಕ್ಕೆ ಜಲಮಂಡಳಿಯ ಒಪ್ಪಿಗೆ ಬೇಕು. ಹಣವೆಲ್ಲ ಹೋಗುವುದು ಇಲ್ಲಿ. ಹಾಗಿರುವಾಗ ಪೈಪಿನಲ್ಲಿ ಉಳಿಸಲು ಹೋಗುವುದು ಮೂರ್ಖತನ. ಗೋಡೆಯ ಮೇಲೆ ಇಳಿಬಿಡುವ ಬೂದು ಬಣ್ಣದ ಎಸ್‌ಡಬ್ಲ್ಯುಆರ್ ಪೈಪನ್ನೇ ನೆಲದಲ್ಲಿ ಹೂಳುತ್ತಾರೆ. ಅದು ಐಎಸ್ 13592ರ ಪ್ರಕಾರ ಕಟ್ಟಡದ ಒಳಗೆ ಮತ್ತು ಹೊರಗೋಡೆಗಳ ಮೇಲೆ ಬಳಸಲು ಮಾಡಿದ್ದು. ಮಣ್ಣಿನ ಭಾರ, ಕಾರಿನ ಭಾರ ತಡೆಯಲು ಐಎಸ್ 15328ರ ಪೈಪು ಬೇರೆಯೇ ಇದೆ. ಅಂಗಡಿಯಲ್ಲಿ ನಂಬರು ನೋಡಿ ತನ್ನಿ, ಕಾರು ನಿಲ್ಲಿಸುವ ಜಾಗವಿದ್ದರೆ ಅದರಲ್ಲೇ ಎಸ್‌ಎನ್ 8 ದರ್ಜೆಯದನ್ನು ಕೇಳಿ.

ನೆಲ ಅಗೆಯದೆ ಲೈನ್ ಬದಲಿಸುವ ಅಮೆರಿಕದ ವಿಡಿಯೊಗಳನ್ನು ನೋಡಿ ಅದೇ ಬೇಕು ಎನ್ನುವವರು ಈಚೆಗೆ ಹೆಚ್ಚಾಗಿದ್ದಾರೆ. ವಿಧಾನಗಳು ಸುಳ್ಳಲ್ಲ. ರಾಳದಲ್ಲಿ ನೆನೆಸಿದ ಬಟ್ಟೆಯ ಕೊಳವೆಯನ್ನು ಹಳೇ ಪೈಪಿನೊಳಗೆ ತೂರಿಸಿ, ಉಬ್ಬಿಸಿ, ಬಿಸಿ ಕೊಟ್ಟು ಗಟ್ಟಿಯಾಗಿಸುವ ಲೈನಿಂಗ್ ವಿಧಾನವನ್ನು ಎರಿಕ್ ವುಡ್ ಎಂಬವರು 1971ರಲ್ಲೇ ಲಂಡನ್ನಿನ ಒಂದು ಚರಂಡಿಯಲ್ಲಿ ಮಾಡಿ ತೋರಿಸಿದ್ದರು. ಹಳೇ ಪೈಪನ್ನು ಒಳಗಿನಿಂದ ಒಡೆಯುತ್ತ ಹಿಂದೆಯೇ ಹೊಸ ಎಚ್‌ಡಿಪಿಇ ಪೈಪು ಎಳೆದುಕೊಂಡು ಬರುವ ಇನ್ನೊಂದು ವಿಧಾನ ಬ್ರಿಟನ್ನಿನ ಗ್ಯಾಸ್ ಪೈಪುಗಳಿಗಾಗಿ ಹುಟ್ಟಿದ್ದು. ಸೋರುವ, ಬೇರು ಹೊಕ್ಕ ಪೈಪಿಗೆ ಎರಡೂ ಒಳ್ಳೆಯವೇ. ಆದರೆ ಎರಡೂ ಹಳೇ ಪೈಪಿನ ದಾರಿಯಲ್ಲೇ ಹೋಗುತ್ತವೆ. ಹಳೇ ಲೈನ್ ಬಾಗಿದ್ದರೆ ಹೊಸದೂ ಬಾಗಿಯೇ ಇರುತ್ತದೆ. ಉದ್ದನೆಯ ಹುಲ್ಲುಹಾಸು, ಅದರಡಿ ಆಳದಲ್ಲಿ ಲೈನ್ ಇರುವ ಅಮೆರಿಕದ ಮನೆಗೆ ಅಗೆತ ತಪ್ಪಿಸಿದರೆ ದೊಡ್ಡ ಉಳಿತಾಯ. ಮೂವತ್ತು ನಲವತ್ತರ ಸೈಟಿನಲ್ಲಿ ಮೂರಡಿ ಆಳದ ಲೈನಿಗೆ ಗುದ್ದಲಿಯೇ ಅಗ್ಗ.

ಆ್ಯಸಿಡ್ ಸುರಿಯುವವರು ಇನ್ನೊಂದು ಬಗೆ. ಆ್ಯಸಿಡ್ಡಿಗೆ ಜಿಡ್ಡು ಕರಗುವುದಿಲ್ಲ, ಬಟ್ಟೆ ಚೂರು, ಸ್ಯಾನಿಟರಿ ಪ್ಯಾಡು ಮೊದಲೇ ಕರಗುವುದಿಲ್ಲ. ಕರಗುವುದು ಹಳೇ ಜಾಯಿಂಟಿನ ಸಿಮೆಂಟು. ಮೊದಲೇ ಬ್ಲೀಚಿಂಗ್ ಪೌಡರ್ ಹಾಕಿದ್ದರಂತೂ ಎರಡೂ ಸೇರಿ ಕ್ಲೋರಿನ್ ಅನಿಲ ಏಳುತ್ತದೆ, ಮುಚ್ಚಿದ ಬಚ್ಚಲಲ್ಲಿ ಅದು ಪ್ರಾಣಕ್ಕೇ ಕುತ್ತು. ತಾರಸಿಯ ಮಳೆನೀರನ್ನು ಚೇಂಬರಿಗೆ ಬಿಟ್ಟರೆ ಲೈನ್ ತೊಳೆದುಕೊಂಡು ಹೋಗುತ್ತದೆ ಎಂಬುದೂ ಸುಳ್ಳು, ನಿಷಿದ್ಧವೂ ಹೌದು. ಮಳೆಗಾಲದಲ್ಲಿ ತಗ್ಗಿನ ಮನೆಗಳ ಬಚ್ಚಲಲ್ಲಿ ಕೊಳಚೆ ಉಕ್ಕಲು ದೊಡ್ಡ ಕಾರಣವೇ ಇದು.

ಇದಕ್ಕೆಲ್ಲ ಕಲಶವಿಟ್ಟಂತೆ ವಾಸ್ತು. ಹಿಂದಿನ ಮೂಲೆಯಿಂದ ಗೇಟಿನ ಮ್ಯಾನ್‌ಹೋಲಿಗೆ ನೇರವಾಗಿ ಮೂವತ್ತಡಿಯಲ್ಲಿ ಸೇರಬಹುದಾದ ಲೈನನ್ನು, ಕೊಳಚೆ ಇಂಥ ದಿಕ್ಕಿಗೆ ಹರಿಯಬಾರದು ಎಂಬ ಮಾತಿಗೆ ಕಟ್ಟುಬಿದ್ದು, ಮನೆ ಸುತ್ತ ಬಳಸಿ ಅರವತ್ತಡಿ ಮಾಡುತ್ತಾರೆ. ಉದ್ದ ಎರಡರಷ್ಟಾದ ಮೇಲೆ ಸಿಗುವ ವಾಟ ಅರ್ಧ. ಮೇಲೆ ಮೂರು ತಿರುವು, ಮೂರು ಚೇಂಬರು. ಆಮೇಲೆ ಕಟ್ಟಿಕೊಂಡಾಗ ದೋಷ ಪರಿಹಾರಕ್ಕೆ ಮತ್ತೆ ಆ ವಾಸ್ತು ಹೇಳಿದವರನ್ನೇ ಕೇಳುತ್ತಾರೆ. ಮಗನನ್ನು ಎಂಜಿನಿಯರಿಂಗ್ ಓದಿಸಿದ ಮನೆಗಳಲ್ಲೇ ಇದು ನಡೆಯುತ್ತದೆ, ಆ ಮಗನೂ ಸುಮ್ಮನಿರುತ್ತಾನೆ. ಕಾಲು ಶತಮಾನದ ಸಾಲ ಮಾಡಿ ಕಟ್ಟಿದ ಮನೆಯಲ್ಲಿ ಅರ್ಧ ಗಂಟೆಯ ಅಳತೆಗಿಂತ ಯಾರೋ ಖಚಿತ ದನಿಯಲ್ಲಿ ಹೇಳಿದ ಮಾತೇ ಹೆಚ್ಚು ಎನ್ನಿಸುವುದು ನನಗೆ ಇಂದಿಗೂ ಅರ್ಥವಾಗದ ಸಂಗತಿ. ಆರಿಂಚಿನ ಸಲಹೆ ಇಷ್ಟು ಸಲೀಸಾಗಿ ಮಾರಾಟವಾಗುವುದೂ ಇದರಿಂದಲೇ. ಅಳೆದು ನೋಡು ಎಂದವನಿಗಿಂತ ನನ್ನನ್ನು ನಂಬು ಎಂದವನಿಗೆ ನಮ್ಮಲ್ಲಿ ಬೆಲೆ ಜಾಸ್ತಿ.

ಈ ನಂಬಿಕೆಗಳಲ್ಲಿ ಹಣಕ್ಕಷ್ಟೇ ನಷ್ಟ ತರುವಂಥವನ್ನು ಹೇಗೋ ಸಹಿಸಬಹುದು. ಸಹಿಸಲಾಗದ್ದು ಒಂದಿದೆ: "ಐದು ನಿಮಿಷದ ಕೆಲಸ, ಒಬ್ಬನನ್ನು ಒಳಗೆ ಇಳಿಸಿದರೆ ಆಯಿತು" ಎಂಬುದು. ಕೊಳಚೆಯಲ್ಲಿ ಹುಟ್ಟುವ ಹೈಡ್ರೋಜನ್ ಸಲ್ಫೈಡ್ ಗಾಳಿಗಿಂತ ಭಾರ, ತಳದಲ್ಲೇ ನಿಲ್ಲುತ್ತದೆ. ಕೊಳೆತ ಮೊಟ್ಟೆಯ ವಾಸನೆ ಬರುತ್ತಿಲ್ಲ, ಹಾಗಾಗಿ ಅಪಾಯವಿಲ್ಲ ಎನ್ನುತ್ತಾರೆ. ಅನಿಲದ ಪ್ರಮಾಣ ಹೆಚ್ಚಾದಾಗ ಮೊದಲು ಸಾಯುವುದು ಮೂಗಿನ ಶಕ್ತಿ. ಒಬ್ಬ ಕುಸಿದು ಬಿದ್ದಾಗ ಎತ್ತಲು ಇಳಿದ ಎರಡನೆಯವನೂ ಅಲ್ಲೇ ಬೀಳುತ್ತಾನೆ. ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದ 2013ರ ಕಾಯ್ದೆಯ ಪ್ರಕಾರ ರಕ್ಷಣಾ ಸಲಕರಣೆಯಿಲ್ಲದೆ ಚರಂಡಿ ಅಥವಾ ಸೆಪ್ಟಿಕ್ ಟ್ಯಾಂಕಿಗೆ ಮನುಷ್ಯನನ್ನು ಇಳಿಸುವುದು ಅಪರಾಧ, ಮೊದಲ ಸಲಕ್ಕೇ ಎರಡು ವರ್ಷದವರೆಗೆ ಜೈಲು ಅಥವಾ ಎರಡು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಇಳಿಸಿದ ಮನೆ ಮಾಲೀಕನಿಗೂ ಇದು ಅನ್ವಯ. ಒಳಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ 30 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಸುಪ್ರೀಂ ಕೋರ್ಟ್ 2023ರ ಅಕ್ಟೋಬರಿನಲ್ಲಿ ಹೇಳಿದೆ. ನಿಮ್ಮ ಚೇಂಬರ್ ತುಂಬಿದರೆ ಜೆಟ್ಟಿಂಗ್ ಯಂತ್ರ ತರಿಸಿ. ಬೆಂಗಳೂರಿನಲ್ಲಿ ರಸ್ತೆಯ ಲೈನಿಗೆ ಜಲಮಂಡಳಿಯ ಸಹಾಯವಾಣಿ 1916, ಹಗಲು ರಾತ್ರಿ ಎತ್ತುತ್ತಾರೆ. ಯಂತ್ರ ನಾಳೆ ಬರುತ್ತದೆ ಎಂದರೆ ನಾಳೆಯವರೆಗೆ ಪಕ್ಕದ ಮನೆಯ ಶೌಚಾಲಯ ಕೇಳಿ ಬಳಸಿ, ಐನೂರು ರೂಪಾಯಿ ಕೊಟ್ಟು ಯಾರನ್ನೂ ಇಳಿಸಬೇಡಿ.